ಚೀಟಿ ಯಂತ್ರ ಯಾರ ಮಾತು ಕೇಳುತ್ತದೆ?

ಅಕ್ಕಂದಿರೇ, ಬೆಳಗ್ಗೆ ಸಂಘದ ಬಾಗಿಲಲ್ಲಿ ಹಾಲಿನ ಸಾಲು ನಿಂತಿರುವಾಗ ಒಳಗಿನಿಂದ ‘ಬ್ಲೂಟೂತ್ ಕನೆಕ್ಟ್ ಆಗ್ತಿಲ್ಲ, ಸ್ವಲ್ಪ ಇರಿ’ ಎಂಬ ಮಾತು ಬಂದರೆ ನಿಮಗೆ ಹೇಗನ್ನಿಸುತ್ತದೆ? ಮನೆಯಲ್ಲಿ ಮಕ್ಕಳ ಊಟದ ಡಬ್ಬಿ ಕಟ್ಟಬೇಕು, ಹಸುವಿಗೆ ಹಿಂಡಿ ಕಲಸಿಡಬೇಕು, ಬಿಸಿಲೇರುವ ಮುಂಚೆ ಹುಲ್ಲಿಗೆ ಹೋಗಬೇಕು. ಇಲ್ಲಿ ನೋಡಿದರೆ ತೂಕದ ಯಂತ್ರ ಸರಿಯಿದೆ, ಹಾಲು ಪರೀಕ್ಷೆಯ ಯಂತ್ರ ಸರಿಯಿದೆ, ಪ್ರಿಂಟರಿನಲ್ಲಿ ಕಾಗದವೂ ಇದೆ. ಆದರೂ ಚೀಟಿ ಬರುತ್ತಿಲ್ಲ. ಯಂತ್ರಗಳ ನಡುವೆ ಮಾತು ನಿಂತುಹೋಗಿದೆ, ಅಷ್ಟೆ.

ಎಲ್ಲ ಸಂಘಗಳಲ್ಲೂ ಈ ತೊಂದರೆ ಇರುವುದಿಲ್ಲ. ಎಷ್ಟೋ ಕಡೆ ಯಂತ್ರಗಳನ್ನು ತಂತಿಯಿಂದಲೇ ಜೋಡಿಸಿರುತ್ತಾರೆ. ತಂತಿಯ ಕೊಂಡಿ ಕಣ್ಣಿಗೆ ಕಾಣುತ್ತದೆ, ಸಡಿಲವಾದರೆ ಒತ್ತಿದರೆ ಆಯಿತು. ಆದರೆ ಮೊಬೈಲ್ ಇಲ್ಲವೇ ಟ್ಯಾಬ್ ಇಟ್ಟುಕೊಂಡು, ಅಂಗೈಯಗಲದ ಪ್ರಿಂಟರಿನಿಂದ ಚೀಟಿ ಕೊಡುವ ಕಡೆಗಳಲ್ಲಿ ಕೊಂಡಿ ಗಾಳಿಯಲ್ಲಿರುತ್ತದೆ. ಮಹಿಳಾ ಸಂಘಗಳಲ್ಲಿ ಕಾರ್ಯದರ್ಶಿಯೂ ನೀವೇ, ಹಾಲು ಪರೀಕ್ಷಕಿಯೂ ನೀವೇ. ಹಾಗಾಗಿ ಕಾಣದ ಆ ಕೊಂಡಿ ಹೇಗೆ ಕೂಡುತ್ತದೆ, ಯಾಕೆ ತಪ್ಪುತ್ತದೆ ಎಂಬುದು ನಿಮಗೆ ಗೊತ್ತಿರಬೇಕಾದ ವಿಷಯವೇ.

ಮೊದಲು ಹೆಸರಿನ ಕಥೆ. ಬ್ಲೂಟೂತ್ ಅಂದರೆ ನೀಲಿ ಹಲ್ಲು. ಸಾವಿರ ವರ್ಷಕ್ಕೂ ಹಿಂದೆ ಡೆನ್ಮಾರ್ಕ್ ಆಳಿದ ಹೆರಾಲ್ಡ್ ಎಂಬ ರಾಜನಿಗೆ ಇದು ಅಡ್ಡಹೆಸರು. ಚದುರಿಹೋಗಿದ್ದವರನ್ನು ಒಂದುಗೂಡಿಸಿದ ರಾಜನೆಂದು ಅವನ ಖ್ಯಾತಿ. ಸ್ವೀಡನ್ನಿನ ಎರಿಕ್ಸನ್ ಕಂಪನಿ 1994ರಲ್ಲಿ ತಂತಿಯಿಲ್ಲದ ಈ ಕೊಂಡಿಯ ಕೆಲಸ ಶುರುಮಾಡಿತು. ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸೆನ್ ಅದರಲ್ಲಿ ಮುಖ್ಯರಾದವರು. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಶಿಬಾ ಐದೂ ಸೇರಿ ಒಂದು ಕೂಟ ಕಟ್ಟಿಕೊಂಡವು. ಬೇರೆಬೇರೆ ಕಂಪನಿಯ ಯಂತ್ರಗಳು ಒಂದೇ ಭಾಷೆ ಆಡಲಿ ಎಂಬುದು ಉದ್ದೇಶ. ಇಂಟೆಲ್‌ನ ಜಿಮ್ ಕಾರ್ಡಾಕ್ ಸೂಚಿಸಿದ ರಾಜನ ಹೆಸರೇ ಉಳಿಯಿತು. ಇದೇ ಡೆನ್ಮಾರ್ಕಿನಲ್ಲಿ 1882ರಲ್ಲಿ ರೈತರು ಸೇರಿ ತಮ್ಮ ಮೊದಲ ಸಹಕಾರಿ ಡೈರಿ ಕಟ್ಟಿದರು ಎಂಬುದು ನಮ್ಮಂಥವರಿಗೆ ಖುಷಿ ಕೊಡುವ ಇನ್ನೊಂದು ಮಾತು.

ಈಗ ವಿಷಯಕ್ಕೆ ಬರೋಣ. ಸೋಬಾನೆ ಪದ ಹಾಡುವಾಗ ಏನು ಮಾಡುತ್ತೀರಿ? ಒಬ್ಬಾಕೆ ಎತ್ತಿಕೊಡುತ್ತಾಳೆ, ಉಳಿದವರು ಹಿಂದೆ ಹೇಳುತ್ತಾರೆ. ಎಲ್ಲರೂ ಒಟ್ಟಿಗೆ ಎತ್ತಲು ಹೋದರೆ ಪದ ಕೆಡುತ್ತದೆ. ಬ್ಲೂಟೂತಿನ ಕೂಟವೂ ಹೀಗೆಯೇ. ಎರಡು ಯಂತ್ರ ಸೇರಿದರೂ ಸಾಕು, ಅದರಲ್ಲಿ ಒಂದು ಮುಂದಾಳು, ಇನ್ನೊಂದು ಹಿಂಬಾಲಕ. ಒಬ್ಬ ಮುಂದಾಳಿನ ಕೈಕೆಳಗೆ ಒಂದು ಹೊತ್ತಿಗೆ ಏಳು ಹಿಂಬಾಲಕರವರೆಗೆ ಕೆಲಸ ಮಾಡಬಹುದು. ಏಳೇ ಯಾಕೆ? ಪ್ರತಿ ಹಿಂಬಾಲಕನಿಗೂ ಒಂದು ಪುಟ್ಟ ನಂಬರ್ ಕೊಡುತ್ತಾರೆ. ಅದಕ್ಕೆ ಮೀಸಲಿಟ್ಟಿರುವ ಜಾಗದಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ನಂಬರ್ ಮಾತ್ರ ಹಿಡಿಸುತ್ತವೆ. ಸೊನ್ನೆಯನ್ನು ‘ಎಲ್ಲರೂ ಕೇಳಿ’ ಎನ್ನುವುದಕ್ಕೆ ಇಟ್ಟುಕೊಂಡಿದ್ದಾರೆ. ಉಳಿದದ್ದು ಏಳು.

ಮುಂದಾಳು ಒಂದು ಸೆಕೆಂಡನ್ನು 1600 ಹೋಳು ಮಾಡುತ್ತದೆ. ಒಂದು ಹೋಳಿನಲ್ಲಿ ತಾನು ಮಾತಾಡಿ ಯಾರನ್ನೋ ಕರೆಯುತ್ತದೆ, ಕರೆಸಿಕೊಂಡ ಹಿಂಬಾಲಕ ಮುಂದಿನ ಹೋಳಿನಲ್ಲಿ ಉತ್ತರ ಕೊಡುತ್ತದೆ. ಕರೆಯದೆ ಯಾರೂ ಬಾಯಿಬಿಡುವಂತಿಲ್ಲ. ಸಂಘದಲ್ಲಿ ಹೆಸರು ಕರೆದ ಮೇಲೆ ಮಾತ್ರ ಕ್ಯಾನು ಮುಂದಿಡುವ ಹಾಗೆ. ಇಬ್ಬರು ಹಿಂಬಾಲಕರು ತಮ್ಮತಮ್ಮಲ್ಲೇ ನೇರವಾಗಿ ಮಾತಾಡಿಕೊಳ್ಳುವಂತೆಯೂ ಇಲ್ಲ. ತೂಕದ ಯಂತ್ರ ಪ್ರಿಂಟರಿಗೆ ಏನಾದರೂ ಹೇಳಬೇಕಿದ್ದರೆ ನಡುವೆ ಇರುವ ಮೊಬೈಲಿನ ಮೂಲಕವೇ ಹೇಳಬೇಕು.

ಇನ್ನು ಆ ಮಾತು ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಬ್ಲೂಟೂತ್ ಬಳಸುವ ರೇಡಿಯೋ ಅಲೆಯ ಪಟ್ಟಿ ಪರವಾನಗಿ ಬೇಕಿಲ್ಲದ ಪಟ್ಟಿ. ವೈಫೈ ಕೂಡ ಅಲ್ಲೇ ಓಡಾಡುತ್ತದೆ, ಪಟ್ಟಣದ ಮನೆಗಳ ಮೈಕ್ರೋವೇವ್ ಒಲೆಯೂ ಅಲ್ಲೇ ಸದ್ದು ಮಾಡುತ್ತದೆ. ಈ ಸಂತೆಯಲ್ಲಿ ಒಂದೇ ಕಡೆ ನಿಂತರೆ ಮಾತು ಕೇಳಿಸದು. ಅದಕ್ಕೆ ಪಟ್ಟಿಯನ್ನು 79 ದಾರಿಗಳಾಗಿ ಮಾಡಿ, ಪ್ರತಿ ಹೋಳಿಗೂ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಾರೆ. ಕೋಲಾಟ ನೆನಪಿಸಿಕೊಳ್ಳಿ. ತಾಳಕ್ಕೆ ಸರಿಯಾಗಿ ಜಾಗ ಬದಲಾಯಿಸುತ್ತಾ ಕೋಲಿಗೆ ಕೋಲು ತಾಗಿಸುತ್ತೀರಿ. ತಾಳ ಗೊತ್ತಿಲ್ಲದವಳು ನಡುವೆ ನುಗ್ಗಿದರೆ ಅವಳ ಕೋಲು ಗಾಳಿಗೆ ಬೀಸುತ್ತದೆ. ಬ್ಲೂಟೂತಿನ ತಾಳ ಹುಟ್ಟುವುದು ಎರಡರಿಂದ: ಮುಂದಾಳಿನ ಸ್ವಂತ ಗುರುತಿನ ಸಂಖ್ಯೆ ಮತ್ತು ಮುಂದಾಳಿನ ಗಡಿಯಾರ. ಇವೆರಡು ತಿಳಿದ ಹಿಂಬಾಲಕನಿಗೆ ಮುಂದಿನ ಜಿಗಿತ ಎಲ್ಲಿಗೆ ಎಂದು ಲೆಕ್ಕ ಸಿಗುತ್ತದೆ. 2003ರ ಆವೃತ್ತಿಯಿಂದ ಈಚೆಗೆ, ವೈಫೈ ತುಂಬಿರುವ ದಾರಿಗಳನ್ನು ಗುರುತಿಸಿ ಅವನ್ನು ಬಿಟ್ಟು ಜಿಗಿಯುವುದನ್ನೂ ಯಂತ್ರಗಳು ಕಲಿತಿವೆ.

ಹಾಗಾದರೆ ಹೊಸ ಯಂತ್ರ ಈ ಕೋಲಾಟಕ್ಕೆ ಸೇರುವುದು ಹೇಗೆ? ಅದಕ್ಕೆ ಇನ್ನೂ ತಾಳವೇ ಗೊತ್ತಿಲ್ಲವಲ್ಲ! ಮೊಬೈಲಿನಲ್ಲಿ ‘ಸ್ಕ್ಯಾನ್’ ಒತ್ತಿದಾಗ ಅದು ‘ಸುತ್ತಮುತ್ತ ಯಾರಿದ್ದೀರಿ?’ ಎಂದು ಕೂಗಲು ಶುರುಮಾಡುತ್ತದೆ. ಕೂಗಿಗೆಂದೇ ಗೊತ್ತುಮಾಡಿದ 32 ದಾರಿಗಳಿವೆ. ಅತ್ತ ಪ್ರಿಂಟರು ಬ್ಯಾಟರಿ ಉಳಿಸಲು ಯಾವಾಗಲೂ ಕಿವಿ ತೆರೆದುಕೊಂಡಿರುವುದಿಲ್ಲ, ಆಗಾಗ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಇದು ಕೂಗುವ ದಾರಿ, ಅದು ಕಿವಿಗೊಡುವ ದಾರಿ, ಎರಡೂ ಒಂದೇ ಹೊತ್ತಿಗೆ ಕೂಡಬೇಕು. ಎಲ್ಲರನ್ನೂ ಹುಡುಕಿ ಮುಗಿಸಲು ನಿಯಮದಲ್ಲಿ ಇಟ್ಟಿರುವ ಸಮಯ 10.24 ಸೆಕೆಂಡು. ಎರಡನೇ ಸೆಕೆಂಡಿಗೇ ‘ಬರಲಿಲ್ಲ’ ಎಂದು ಮತ್ತೆಮತ್ತೆ ಒತ್ತಿದರೆ ಹುಡುಕಾಟ ಮೊದಲಿಂದ ಶುರುವಾಗಿ ಇನ್ನೂ ತಡವಾಗುವುದುಂಟು. ಹತ್ತು ಎಣಿಸಿ ಕಾಯಿರಿ.

ಕೂಗಿಗೆ ಓಗೊಟ್ಟ ಯಂತ್ರ ತನ್ನ ಗುರುತಿನ ಸಂಖ್ಯೆಯನ್ನೂ ಗಡಿಯಾರವನ್ನೂ ತಿಳಿಸುತ್ತದೆ. ಆಮೇಲೆ ಮೊಬೈಲು ಅದನ್ನೇ ಹೆಸರಿಡಿದು ಕರೆಯುತ್ತದೆ, ಓ ಎಂದರೆ ತನ್ನ ತಾಳ ಹೇಳಿಕೊಡುತ್ತದೆ. ಇಷ್ಟಾದರೆ ಕೊಂಡಿ ಕೂಡಿದಂತೆ.

ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯವಿದೆ. ‘ಪೇರಿಂಗ್’ ಬೇರೆ, ‘ಕನೆಕ್ಟ್’ ಬೇರೆ. ಪೇರಿಂಗ್ ಅಂದರೆ ಬೀಗತನ ಮಾಡಿಕೊಂಡ ಹಾಗೆ, ಒಮ್ಮೆ ಆದರೆ ಆಯಿತು. ಎರಡೂ ಯಂತ್ರಗಳು ಒಂದು ಗುಟ್ಟಿನ ಕೀಲಿಯನ್ನು ತಮ್ಮೊಳಗೆ ಬರೆದಿಟ್ಟುಕೊಳ್ಳುತ್ತವೆ. ಕನೆಕ್ಟ್ ಅಂದರೆ ಬೀಗರ ಮನೆಗೆ ಹೋಗಿಬರುವುದು, ಅದು ಪ್ರತಿಸಲವೂ ಆಗಬೇಕು. ಮೊಬೈಲಿನಲ್ಲಿ ಪ್ರಿಂಟರಿನ ಹೆಸರು ಕಾಣುತ್ತಿದೆ ಎಂದ ಮಾತ್ರಕ್ಕೆ ಅವು ಈಗ ಮಾತಾಡುತ್ತಿವೆ ಎಂದಲ್ಲ. ಬೀಗತನ ಇದೆ ಅಷ್ಟೆ, ಬೀಗರು ಮನೆಯಲ್ಲಿದ್ದಾರೋ ಇಲ್ಲವೋ ಬೇರೆ ಮಾತು. ಒಮ್ಮೆ ಬೀಗತನ ಆದ ಯಂತ್ರಗಳಿಗೆ ಕೂಗಾಟ ಬೇಕಿಲ್ಲ, ನೇರ ಹೆಸರಿಡಿದು ಕರೆದರೆ ಸಾಕು. ಎರಡನೇ ದಿನದಿಂದ ಬೇಗ ಕೂಡಿಕೊಳ್ಳುವುದು ಇದಕ್ಕೇ.

ಈಗ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಮುಂದಾಳು ಯಾರು ಎಂದು ಯಾರು ತೀರ್ಮಾನಿಸುತ್ತಾರೆ? ನಿಯಮ ಸರಳ. ಯಾರು ಕರೆದರೋ ಅವರು ಮುಂದಾಳು. ದೊಡ್ಡ ಯಂತ್ರವೋ ಚಿಕ್ಕದೋ, ದುಬಾರಿಯೋ ಅಗ್ಗವೋ ಲೆಕ್ಕಕ್ಕಿಲ್ಲ. ಪ್ರಿಂಟರು ಸಾಮಾನ್ಯವಾಗಿ ತಾನಾಗಿ ಯಾರನ್ನೂ ಕರೆಯುವುದಿಲ್ಲ, ಕಾದು ಕೂತಿರುತ್ತದೆ. ಮೊಬೈಲು ಕರೆಯುತ್ತದೆ, ಮೊಬೈಲೇ ಮುಂದಾಳಾಗುತ್ತದೆ. ಅಲ್ಲಿಗೆ ಜಗಳವಿಲ್ಲ.

ಆದರೆ ಕಿವಿಗೆ ಹಾಕಿಕೊಳ್ಳುವ ಬ್ಲೂಟೂತ್ ಯಂತ್ರವನ್ನು ನೋಡಿ. ಅದನ್ನು ಆನ್ ಮಾಡಿದ ಕೂಡಲೇ ತಾನೇ ನಿಮ್ಮ ಫೋನನ್ನು ಕರೆಯುತ್ತದೆ. ನಿಯಮದ ಪ್ರಕಾರ ಈಗ ಕಿವಿಯ ಯಂತ್ರ ಮುಂದಾಳು, ಫೋನು ಹಿಂಬಾಲಕ! ಫೋನಿಗೆ ಇದರಿಂದ ಇಕ್ಕಟ್ಟು. ಅದು ಆಗಲೇ ಪ್ರಿಂಟರಿಗೋ ಕೈಗಡಿಯಾರಕ್ಕೋ ತನ್ನ ತಾಳದಲ್ಲಿ ಪದ ಎತ್ತಿಕೊಡುತ್ತಿರಬಹುದು. ಈಗ ಕಿವಿಯ ಯಂತ್ರದ ತಾಳಕ್ಕೂ ಕುಣಿಯಬೇಕಾಗುತ್ತದೆ. ಒಂದು ಕ್ಷಣ ಇಲ್ಲಿ, ಒಂದು ಕ್ಷಣ ಅಲ್ಲಿ. ಎರಡು ಕೋಲಾಟದ ಗುಂಪಿನಲ್ಲಿ ಒಬ್ಬಳೇ ಆಡಿದ ಹಾಗೆ. ಆಡಲೇಬಾರದು ಎಂದೇನಿಲ್ಲ, ಎರಡು ಕೂಟಗಳಲ್ಲಿ ಇರುವುದಕ್ಕೂ ಅವಕಾಶವಿದೆ. ಆದರೆ ಓಡಾಟದಲ್ಲೇ ಹೊತ್ತು ಹೋಗುತ್ತದೆ, ಎರಡೂ ಕಡೆ ಮಾತು ತಡವರಿಸುತ್ತದೆ.

ಅದಕ್ಕೆ ಪರಿಹಾರವೇ ಪಾತ್ರ ಬದಲಾವಣೆ. ಫೋನು ಕೇಳುತ್ತದೆ: ‘ನಾನು ಮುಂದಾಳಾಗುತ್ತೇನೆ, ನೀನು ಹಿಂಬಾಲಿಸುತ್ತೀಯಾ?’ ಕಿವಿಯ ಯಂತ್ರ ಒಪ್ಪಬಹುದು, ಒಲ್ಲೆ ಎನ್ನಲೂಬಹುದು. ಒಪ್ಪಿದರೆ ಫೋನು ತನ್ನ ಗುರುತಿನ ಸಂಖ್ಯೆ, ಗಡಿಯಾರ, ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ ಎಲ್ಲವನ್ನೂ ಹೇಳಿ, ಕಿವಿಯ ಯಂತ್ರಕ್ಕೆ ಏಳರೊಳಗಿನ ಒಂದು ನಂಬರ್ ಕೊಡುತ್ತದೆ. ಇಬ್ಬರೂ ಹಳೆಯ ತಾಳ ಬಿಟ್ಟು ಹೊಸ ತಾಳಕ್ಕೆ ಜಿಗಿಯುತ್ತಾರೆ. ಹೊಸ ತಾಳ ಸರಿಯಾಗಿ ಹತ್ತದಿದ್ದರೆ ಹಳೆಯದಕ್ಕೇ ಮರಳುತ್ತಾರೆ. ಕೊಂಡಿ ಕಡಿಯುವುದಿಲ್ಲ, ಪೇರಿಂಗ್ ಕಳೆಯುವುದಿಲ್ಲ, ನಿಮಗೆ ತಿಳಿಯುವುದೂ ಇಲ್ಲ. ಸ್ತ್ರೀಶಕ್ತಿ ಗುಂಪಿನ ವಾರದ ಸಭೆಯಲ್ಲಿ ಅಧ್ಯಕ್ಷತೆ ಒಬ್ಬರಿಂದ ಇನ್ನೊಬ್ಬರಿಗೆ ಹೋದರೂ ಲೆಕ್ಕದ ಪುಸ್ತಕ ಅದೇ ಇರುವಂತೆ.

ಈ ಪಾತ್ರಗಳಿಗೆ ಮೊದಲು ಇಂಗ್ಲಿಷಿನಲ್ಲಿ ‘ಮಾಸ್ಟರ್’, ‘ಸ್ಲೇವ್’ ಎನ್ನುತ್ತಿದ್ದರು, ಅಂದರೆ ಯಜಮಾನ ಮತ್ತು ಗುಲಾಮ. ಈಚಿನ ವರ್ಷಗಳಲ್ಲಿ ಆ ಕೂಟ ಈ ಪದಗಳನ್ನು ಕೈಬಿಟ್ಟು ‘ಸೆಂಟ್ರಲ್’, ‘ಪೆರಿಫೆರಲ್’ ಎಂದು ಬದಲಾಯಿಸಿದೆ. ಒಳ್ಳೆಯದೇ ಆಯಿತು. ಗುಲಾಮ ಎನಿಸಿಕೊಂಡವನು ಮರುಕ್ಷಣ ಯಜಮಾನನಾಗುವ ಏರ್ಪಾಟಿಗೆ ಆ ಹೆಸರು ಹೊಂದುತ್ತಲೂ ಇರಲಿಲ್ಲ.

2010ರಲ್ಲಿ ಬ್ಲೂಟೂತಿನ ಇನ್ನೊಂದು ಬಗೆ ಬಂತು. ಇದು ಬ್ಯಾಟರಿಯನ್ನು ಬಹಳ ಕಡಿಮೆ ತಿನ್ನುತ್ತದೆ, ಗುಂಡಿಯಂಥ ಪುಟ್ಟ ಸೆಲ್ಲಿನಲ್ಲೇ ತಿಂಗಳುಗಟ್ಟಲೆ ನಡೆಯುತ್ತದೆ. ದೊಡ್ಡ ಡೈರಿ ಫಾರಂಗಳಲ್ಲಿ ಹಸುವಿನ ಕೊರಳಿಗೆ ಕಟ್ಟಿ ಬೆದೆ ಗುರುತಿಸುವ ಪಟ್ಟಿಗಳಲ್ಲಿ ಕೆಲವು ಈ ಬಗೆಯವು. (ನಮ್ಮ ಹಸುಗಳ ಕಿವಿಯಲ್ಲಿರುವ ಹನ್ನೆರಡು ಅಂಕಿಯ ಹಳದಿ ಓಲೆಯಲ್ಲಿ ಇಂಥದ್ದೇನೂ ಇಲ್ಲ. ಅದರಲ್ಲಿರುವುದು ನಂಬರ್ ಮತ್ತು ಬಾರ್‌ಕೋಡ್ ಮಾತ್ರ, ಅದು ಹಸು ಎಲ್ಲಿದೆ ಎಂದು ಯಾರಿಗೂ ಹೇಳುವುದಿಲ್ಲ.) ಈ ಬಗೆಯಲ್ಲಿ ಸೇರುವ ರೀತಿ ತಿರುಗುಮುರುಗು. ಚಿಕ್ಕ ಯಂತ್ರವೇ ಮೂರು ಗೊತ್ತಾದ ದಾರಿಗಳಲ್ಲಿ ಆಗಾಗ ‘ನಾನಿಲ್ಲಿದ್ದೇನೆ’ ಎಂದು ಸಾರಿ, ಉಳಿದ ಹೊತ್ತು ನಿದ್ದೆ ಹೋಗುತ್ತದೆ. ಸೊಪ್ಪು ಮಾರುವವಳು ಬೀದಿಯಲ್ಲಿ ಕೂಗಿಕೊಂಡು ಹೋದಂತೆ. ಬೇಕಾದ ಫೋನು ಕರೆದು ಕೂಡಿಕೊಳ್ಳುತ್ತದೆ. ಸಾರಿದ್ದು ಹಿಂಬಾಲಕ, ಕರೆದದ್ದು ಮುಂದಾಳು. ಆದರೆ ಇಲ್ಲಿ ನಡುವೆ ಪಾತ್ರ ಬದಲಾಯಿಸಲು ಬರುವುದಿಲ್ಲ. ಬದಲಾಗಬೇಕೆಂದರೆ ಕೊಂಡಿ ಬಿಡಿಸಿ, ತಿರುಗಿಸಿ ಕಟ್ಟಬೇಕು.

ವೈಫೈನಲ್ಲೂ ನೀವು ಪಾತ್ರ ಬದಲಾಯಿಸುತ್ತಲೇ ಇರುತ್ತೀರಿ. ಮನೆಯ ರೂಟರಿಗೆ ಸೇರಿದಾಗ ನಿಮ್ಮ ಫೋನು ಹಿಂಬಾಲಕ. ‘ಹಾಟ್‌ಸ್ಪಾಟ್’ ಒತ್ತಿ ಸಂಘದ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಟ್ಟಾಗ ಅದೇ ಫೋನು ಮುಂದಾಳು. ಎರಡು ಫೋನುಗಳು ರೂಟರಿಲ್ಲದೆ ನೇರ ಕೂಡುವ ‘ವೈಫೈ ಡೈರೆಕ್ಟ್’ನಲ್ಲಿ ಮುಂದಾಳಿನ ಆಯ್ಕೆಗೆ ಚೌಕಾಸಿಯೇ ನಡೆಯುತ್ತದೆ. ನನಗೆ ಎಷ್ಟು ಮನಸ್ಸಿದೆ ಎಂದು ಪ್ರತಿ ಫೋನೂ ಸೊನ್ನೆಯಿಂದ ಹದಿನೈದರೊಳಗೆ ಒಂದು ಅಂಕಿ ಹೇಳುತ್ತದೆ, ಹೆಚ್ಚು ಹೇಳಿದ್ದು ಮುಂದಾಳು. ಹದಿನೈದು ಎಂದರೆ ‘ನಾನೇ ಆಗಬೇಕು’ ಎಂಬ ಹಠ. ಎರಡೂ ಹದಿನೈದು ಎಂದರೆ ಕೂಟ ಮುರಿಯುತ್ತದೆ. ನಮ್ಮ ಕೆಲವು ಸಭೆಗಳೂ ಹಾಗೆಯೇ ಮುಗಿಯುತ್ತವೆ, ಬಿಡಿ.

ಇಷ್ಟು ತಿಳಿದ ಮೇಲೆ ಬೆಳಗಿನ ಆ ತೊಂದರೆಯನ್ನು ನೋಡೋಣ. ಚೀಟಿ ಬರದಿದ್ದಾಗ ಹೆಚ್ಚಿನ ಸಲ ಕಾರಣ ಒಂದೇ: ಪ್ರಿಂಟರು ಆಗಲೇ ಬೇರೆ ಮುಂದಾಳಿನ ಕೈಯಲ್ಲಿದೆ. ಅಗ್ಗದ ಚಿಕ್ಕ ಪ್ರಿಂಟರುಗಳಲ್ಲಿ ಬಹಳಷ್ಟು ಒಂದು ಹೊತ್ತಿಗೆ ಒಂದೇ ಕೊಂಡಿ ಇಟ್ಟುಕೊಳ್ಳುತ್ತವೆ. ನಿನ್ನೆ ಸಂಜೆ ಪರೀಕ್ಷಕಿಯ ಫೋನಿನಿಂದ ಚೀಟಿ ತೆಗೆದಿದ್ದು, ಇವತ್ತೂ ಆಕೆ ಅಲ್ಲೇ ಪಕ್ಕದಲ್ಲಿ ನಿಂತಿದ್ದರೆ ಪ್ರಿಂಟರು ಆಕೆಯ ಸೆರಗಿನ ಮರೆಯ ಫೋನಿಗೇ ಅಂಟಿಕೊಂಡಿರಬಹುದು. ಕಾರ್ಯದರ್ಶಿಯ ಫೋನು ಎಷ್ಟು ಕರೆದರೂ ಓಗೊಡದು. ಆಗ ಪ್ರಿಂಟರಿಗೆ ಎರಡು ಪೆಟ್ಟು ಕೊಡುವುದರಿಂದ ಏನೂ ಆಗುವುದಿಲ್ಲ. ಇನ್ನೊಂದು ಫೋನಿನ ಬ್ಲೂಟೂತ್ ಆರಿಸಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬೇಕಾದ ಫೋನಿನಿಂದ ಕರೆಯಿರಿ.

ಎರಡನೆಯ ಕಾರಣ ಅಡ್ಡ. ಸಾಮಾನ್ಯ ಬ್ಲೂಟೂತಿನ ಕೂಗು ಹತ್ತು ಮೀಟರಿನಷ್ಟು ಮುಟ್ಟುತ್ತದೆ, ಅದೂ ನಡುವೆ ಏನೂ ಇಲ್ಲದಿದ್ದರೆ. ಈ ಅಲೆಗಳು ಸ್ಟೀಲನ್ನು ದಾಟುವುದಿಲ್ಲ, ನೀರು ಅವನ್ನು ಹೀರಿಕೊಳ್ಳುತ್ತದೆ. ತುಂಬಿದ ಹಾಲಿನ ಕ್ಯಾನು ಅಂದರೆ ಎರಡೂ ಒಟ್ಟಿಗೆ! ಮೊಬೈಲಿಗೂ ಪ್ರಿಂಟರಿಗೂ ನಡುವೆ ಕ್ಯಾನಿನ ಗೋಡೆ ಕಟ್ಟಬೇಡಿ. ಕಿಕ್ಕಿರಿದ ಜನರೂ ಅಡ್ಡವೇ, ಮನುಷ್ಯರ ಮೈಯಲ್ಲಿ ಹೆಚ್ಚಿರುವುದು ನೀರು ತಾನೆ? ಎರಡನ್ನೂ ಒಂದೇ ಮೇಜಿನ ಮೇಲೆ, ಒಂದಕ್ಕೊಂದು ಕಾಣುವಂತೆ ಇಟ್ಟರೆ ಅರ್ಧ ತಕರಾರು ಕಡಿಮೆ.

ಇನ್ನು ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಅನುಮಾನ. ‘ಗಾಳಿಯಲ್ಲಿ ಬರುವಾಗ ನಮ್ಮ ಫ್ಯಾಟು ಕಡಿಮೆಯಾಗುತ್ತದೆಯೇ?’ ನಗುವ ಮಾತಲ್ಲ ಇದು, ಪಾಯಿಂಟೊಂದರಲ್ಲಿ ನಿಮ್ಮ ಬಟವಾಡೆ ಹೆಚ್ಚುಕಡಿಮೆಯಾಗುತ್ತದೆ. ಉತ್ತರ: ಗಾಳಿಯಲ್ಲಿ ಅಂಕಿ ಸೋರುವುದಿಲ್ಲ. ಬ್ಲೂಟೂತ್ ಕಳಿಸುವ ಪ್ರತಿ ಮಾಹಿತಿಯ ಪೊಟ್ಟಣದ ಜೊತೆಗೂ ಒಂದು ತಾಳೆ ಅಂಕಿ ಇರುತ್ತದೆ. ತಲುಪಿದ ಕಡೆ ಲೆಕ್ಕ ಹಾಕಿ ನೋಡಿ, ತಾಳೆಯಾಗದಿದ್ದರೆ ಅದನ್ನು ಎಸೆದು ಮತ್ತೆ ಕಳಿಸಲು ಹೇಳುತ್ತದೆ. ಹೀಗಾಗಿ 4.2 ಹೊರಟರೆ 4.2 ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ದಾರಿಯಲ್ಲಿ 3.8 ಆಗಿ ಬರುವುದಿಲ್ಲ.

ಅಪಾಯ ಇರುವುದು ಆ ‘ಏನೂ ಬರದ’ ಹೊತ್ತಿನಲ್ಲಿ. ಕೊಂಡಿ ತಪ್ಪಿದಾಗ ಸಾಲು ನಿಲ್ಲಬಾರದೆಂದು ಅಂಕಿಗಳನ್ನು ಕೈಯಿಂದ ಒತ್ತುತ್ತಾರೆ. ಅವಸರದಲ್ಲಿ ಬೆರಳು ತಪ್ಪಬಹುದು. ಇಲ್ಲವೇ ಮೊಬೈಲಿನ ಪರದೆಯ ಮೇಲೆ ನಿಮಗಿಂತ ಮುಂಚೆ ಹಾಲು ಹಾಕಿದವರ ಅಂಕಿಯೇ ಉಳಿದಿರಬಹುದು. ಹಾಗಾಗಿ ಬ್ಲೂಟೂತ್ ಕೈಕೊಟ್ಟ ದಿನ ಪರೀಕ್ಷೆಯ ಯಂತ್ರದ ಮೇಲಿರುವ ಅಂಕಿಯನ್ನೇ ನೋಡಿ, ಫ್ಯಾಟ್, ಎಸ್ಎನ್ಎಫ್, ಲೀಟರ್ ಮೂರನ್ನೂ ಪಾಸ್‌ಪುಸ್ತಕದಲ್ಲಿ ಬರೆಸಿಕೊಳ್ಳಿ. ‘ಅಕ್ಕಾ, ಒಂದು ನಿಮಿಷ ಯಂತ್ರ ನನ್ನ ಕಡೆ ತಿರುಗಿಸಿ’ ಎಂದು ಕೇಳಲು ಸಂಕೋಚ ಬೇಡ. ಕಾರ್ಯದರ್ಶಿಯಾದವರು ಇದನ್ನು ಅನುಮಾನ ಎಂದುಕೊಳ್ಳುವುದೂ ಬೇಡ.

ಕೊನೆಗೆ ಬೀಗದ ಮಾತು. 2007ರ ಆವೃತ್ತಿಯಿಂದ ಈಚೆಗೆ ಪರದೆಯಿರುವ ಎರಡು ಯಂತ್ರಗಳು ಪೇರ್ ಆಗುವಾಗ ಎರಡರಲ್ಲೂ ಆರಂಕಿಯ ಒಂದೇ ಸಂಖ್ಯೆ ಕಾಣುತ್ತದೆ. ಎರಡೂ ಒಂದೇ ಇದ್ದರೆ ಮಾತ್ರ ‘ಸರಿ’ ಒತ್ತಿ. ನೀವು ಏನೂ ಮಾಡದೆ ಕೂತಿರುವಾಗ ಬಸ್ಸಿನಲ್ಲೋ ಸಂತೆಯಲ್ಲೋ ಪೇರಿಂಗ್ ಕೇಳಿಕೊಂಡು ಬಂದರೆ ‘ಬೇಡ’ ಒತ್ತಿ, ಯೋಚಿಸಬೇಕಾದ್ದೇ ಇಲ್ಲ. ಪರದೆಯಿಲ್ಲದ ಪ್ರಿಂಟರುಗಳಿಗೆ ಈ ಕಾವಲು ಇಲ್ಲ. ಕೆಲವು ಸುಮ್ಮನೆ ಪೇರ್ ಆಗುತ್ತವೆ, ಕೆಲವು 0000 ಇಲ್ಲವೇ 1234 ಕೇಳುತ್ತವೆ, ಅದು ಊರಿಗೆಲ್ಲ ಗೊತ್ತು. ಕಂಪನಿಯ ಪುಸ್ತಕದಲ್ಲಿ ಸಂಖ್ಯೆ ಬದಲಾಯಿಸುವ ವಿಧಾನ ಕೊಟ್ಟಿದ್ದರೆ ಬದಲಾಯಿಸಿ, ಹಾಲು ತೆಗೆದುಕೊಳ್ಳುವ ಹೊತ್ತು ಮುಗಿದ ಮೇಲೆ ಪ್ರಿಂಟರನ್ನು ಆರಿಸಿ ಒಳಗಿಡಿ.

ಸಂಘದ ಕಾರ್ಯದರ್ಶಿ ಬದಲಾದಾಗ ಬೀರುವಿನ ಕೀಲಿ, ರಸೀದಿ ಪುಸ್ತಕ ಎಣಿಸಿ ವಹಿಸಿಕೊಳ್ಳುತ್ತೀರಲ್ಲ, ಅದೇ ದಿನ ಹಳೆಯ ಕಾರ್ಯದರ್ಶಿಯ ಫೋನಿನಲ್ಲಿ ಪ್ರಿಂಟರಿನ ಹೆಸರಿನ ಮೇಲೆ ‘ಫರ್ಗೆಟ್’ ಅಥವಾ ‘ಅನ್‌ಪೇರ್’ ಒತ್ತಿಸಿ, ಹೊಸಬರ ಫೋನಿಗೆ ಪೇರ್ ಮಾಡಿಸಿ. ಇಲ್ಲದಿದ್ದರೆ ಸಂಘದ ಎದುರುಮನೆಯಲ್ಲಿ ಕೂತ ಹಳೆಯ ಫೋನು ಮರುದಿನ ಬೆಳಗ್ಗೆ ಹೊಸಬರಿಗಿಂತ ಮೊದಲೇ ಪ್ರಿಂಟರನ್ನು ಕರೆದುಕೊಂಡುಬಿಟ್ಟಿರಬಹುದು, ಹೊರಗೆ ಸಾಲು ಬೆಳೆಯುತ್ತಿರುತ್ತದೆ.